ಜೀರ್ಣೋದ್ಧಾರವೆಂದರೇನು? ಗಚ್ಚಿನ ಮಠ, ಕೋಡಿಯ ಮಠ, ರಿಲಾ ಮಠ

ನಮ್ಮ ಕೃಷ್ಣಾ ತೀರದ ಹಳ್ಳಿಗಳಲ್ಲಿ ಈಚಿನ ವರ್ಷಗಳಲ್ಲಿ ಪದೇ ಪದೇ ಕಿವಿಗೆ ಬೀಳುವ ಮಾತೊಂದಿದೆ, ಜೀರ್ಣೋದ್ಧಾರ. ಊರ ಮಠ ಹಳೆಯದಾಯಿತು, ಮಾಳಿಗೆ ಸೋರುತ್ತದೆ, ಗೋಡೆ ಬಿರುಕು ಬಿಟ್ಟಿದೆ, ಆದುದರಿಂದ ಜೀರ್ಣೋದ್ಧಾರ ಮಾಡಬೇಕೆಂದು ಹಿರಿಯರು ಸೇರಿ ನಿರ್ಧರಿಸುತ್ತಾರೆ. ವರ್ಗಣಿ ಎತ್ತುತ್ತಾರೆ. ಸದ್ಭಕ್ತರು ತಮ್ಮ ಕಬ್ಬಿನ ಬಿಲ್ಲಿನಿಂದ, ತಂಬಾಕಿನ ಹಣದಿಂದ, ಕೂಲಿಯ ಉಳಿತಾಯದಿಂದ ಕೈಲಾದುದನ್ನು ಸಲ್ಲಿಸುತ್ತಾರೆ. ಒಂದೆರಡು ವರ್ಷಗಳಲ್ಲಿ ಹಳೆಯ ಕಟ್ಟಡವಿದ್ದ ಸ್ಥಳದಲ್ಲಿ ಹೊಳೆಯುವ ಫರಸಿಯ, ಬಣ್ಣಬಣ್ಣದ ಸಿಮೆಂಟಿನ ಹೊಸ ಕಟ್ಟಡ ಎದ್ದು ನಿಲ್ಲುತ್ತದೆ. ಭಕ್ತಿಯಲ್ಲಿ ಕೊರತೆಯಿಲ್ಲ, ತ್ಯಾಗದಲ್ಲಿ ಕೊರತೆಯಿಲ್ಲ. ಆದರೆ ಹೀಗೆ ಮಾಡಿದ ಕಾರ್ಯವು ಜೀರ್ಣವಾದುದರ ಉದ್ಧಾರವೋ, ಅಥವಾ ಜೀರ್ಣವಾದುದರ ವಿಸರ್ಜನೆಯೋ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಅಪರೂಪ.

ಈ ಪ್ರಶ್ನೆಗೆ ಉತ್ತರವನ್ನು ಅರಸುವ ದೃಷ್ಟಿಯಿಂದ ಮೂರು ಮಠಗಳ ಚರಿತ್ರೆಯನ್ನು ವಾಚಕರ ಮುಂದಿಡುವ ಉದ್ದೇಶ ಈ ಲೇಖನದ್ದು. ಮೊದಲನೆಯದು ನಮ್ಮದೇ ನೆಲದ ಅಥಣಿಯ ಗಚ್ಚಿನ ಮಠ. ಎರಡನೆಯದು ಹನ್ನೆರಡನೆಯ ಶತಮಾನದಲ್ಲಿ ಬಳ್ಳಿಗಾವೆಯಲ್ಲಿ ಮೆರೆದ ಕೋಡಿಯ ಮಠ. ಮೂರನೆಯದು ದೂರದ ಬಲ್ಗೇರಿಯಾ ದೇಶದ ಪರ್ವತ ಕಣಿವೆಯೊಂದರಲ್ಲಿರುವ, ಪೂರ್ವ ಸಂಪ್ರದಾಯದ ಕ್ರೈಸ್ತ ಸನ್ಯಾಸಿಗಳ ರಿಲಾ ಮಠ. ಕಾಲ ಬೇರೆ, ದೇಶ ಬೇರೆ, ಮತ ಬೇರೆ. ಆದರೂ ಮಠವೊಂದು ಯಾವುದರಿಂದ ಉಳಿಯುತ್ತದೆ, ಯಾವುದರಿಂದ ಅಳಿಯುತ್ತದೆ ಎಂಬ ವಿಷಯದಲ್ಲಿ ಮೂರೂ ಸೇರಿ ಒಂದೇ ಪಾಠವನ್ನು ಹೇಳುತ್ತವೆ.

ಗಚ್ಚಿನ ಮಠ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳ ನಾಡು ಕೃಷ್ಣೆಯ ಮತ್ತು ಅವಳ ಉಪನದಿಗಳ ನಾಡು. ಪಶ್ಚಿಮದ ಬೆಟ್ಟಗಳಿಂದ ಇಳಿದು ಬರುವ ವೇದಗಂಗೆ ದೂಧಗಂಗೆಯನ್ನು ಸೇರುತ್ತದೆ, ದೂಧಗಂಗೆ ಕೃಷ್ಣೆಯನ್ನು ಸೇರುತ್ತದೆ. ರಾಜಕೀಯವಾಗಿ ಈ ನಾಡು ಎಂದೂ ಒಂದೇ ಕೈಯಲ್ಲಿ ನೆಮ್ಮದಿಯಾಗಿ ಇದ್ದುದಿಲ್ಲ. ಬ್ರಿಟಿಷರ ಕಾಲದಲ್ಲಿ ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದರೆ, ರಾಯಬಾಗವು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಮರಾಠಿಯದೇ ಪ್ರಾಬಲ್ಯ. ಡೆಪ್ಯೂಟಿ ಚನ್ನಬಸಪ್ಪನವರಂಥ ಮಹನೀಯರು ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ಶಾಲೆಗಳಿಗಾಗಿ ಶ್ರಮಿಸುವವರೆಗೆ, ಈ ಭಾಗದ ಸಾಮಾನ್ಯ ಜನರಿಗೆ ಕನ್ನಡದ ಅಕ್ಷರವೂ ಅರಿವೂ ದೊರೆಯುತ್ತಿದ್ದ ಠಾವುಗಳಲ್ಲಿ ಮಠಗಳು ಮುಖ್ಯವಾಗಿದ್ದವು. ಪುರಾಣ ಪ್ರವಚನ ನಡೆಯುತ್ತಿದ್ದುದು ಅಲ್ಲಿ. ಓಲೆಗರಿಯ ಕಟ್ಟುಗಳು ಇದ್ದುದು ಅಲ್ಲಿ. ದಾರಿಹೋಕನಿಗೆ ಅನ್ನ ದೊರೆಯುತ್ತಿದ್ದುದೂ ಅಲ್ಲಿ.

ಇಂಥ ಮಠಗಳಲ್ಲಿ ಅಥಣಿಯ ಗಚ್ಚಿನ ಮಠದ ಹೆಸರು ಕನ್ನಡ ನಾಡಿನಾದ್ಯಂತ ಪ್ರಸಿದ್ಧವಾಗಿದೆ. ಹೆಸರನ್ನೇ ಸ್ವಲ್ಪ ಗಮನಿಸಬೇಕು. ಎಷ್ಟೋ ಮಠಗಳಿಗೆ ಮೂಲಪುರುಷನ ಹೆಸರಿದೆ, ಊರಿನ ಹೆಸರಿದೆ. ಈ ಮಠಕ್ಕೆ ಜನ ಕೊಟ್ಟ ಹೆಸರು ಅದನ್ನು ಕಟ್ಟಿದ ಸಾಮಗ್ರಿಯದು. ಗಚ್ಚೆಂದರೆ ಸುಣ್ಣದ ಗಾರೆ. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಗಳೇ ಹೆಚ್ಚಾಗಿದ್ದ ಕಾಲದಲ್ಲಿ ಗಚ್ಚಿನ ಕಟ್ಟಡವೆಂದರೆ ಗಟ್ಟಿಮುಟ್ಟಾದುದು, ಬಾಳಿಕೆಯುಳ್ಳದ್ದು ಎಂಬ ಗೌರವದ ಮಾತು.

ಆದರೆ ಈ ಮಠದ ಕೀರ್ತಿ ಬೆಳೆದುದು ಗಚ್ಚಿನಿಂದಲ್ಲ. ಅಲ್ಲಿ ನೆಲೆಸಿದ್ದ ಮುರುಘೇಂದ್ರ ಶಿವಯೋಗಿಗಳಿಂದ. ಅವರ ಜನನ 1836ರಲ್ಲಿ, ಅಥಣಿ ತಾಲೂಕಿನ ಕೃಷ್ಣಾ ತೀರದ ನದಿ ಇಂಗಳಗಾಂವದಲ್ಲಿ. ತಂದೆ ರಾಚಯ್ಯನವರು, ತಾಯಿ ನೀಲಮ್ಮನವರು. ಬಾಲ್ಯದಲ್ಲಿಯೇ ಗಚ್ಚಿನ ಮಠದ ಆಶ್ರಯಕ್ಕೆ ಬಂದು ಗುರುಸೇವೆಯಲ್ಲಿ ಬೆಳೆದರು. ದೇಶಸಂಚಾರ ಮಾಡಿ ಮರಳಿ ಅಥಣಿಗೆ ಬಂದು ಅಲ್ಲಿಯೇ ನೆಲೆನಿಂತರು. 1921ರಲ್ಲಿ ಲಿಂಗೈಕ್ಯರಾಗುವವರೆಗೆ ಅವರ ಬದುಕು ಬಹುಮಟ್ಟಿಗೆ ಆ ಮಠದ ಗೋಡೆಗಳ ನಡುವೆಯೇ ಸಾಗಿತು. ಪೂಜೆ, ವಚನಗಳ ಪಠಣ, ಬಂದ ಭಕ್ತರೊಡನೆ ಅನುಭಾವದ ನಾಲ್ಕು ಮಾತು, ದಾಸೋಹ, ಇವೇ ಅವರ ದಿನಚರಿ. ಪೀಠದ ಅಧಿಕಾರವಾಗಲಿ ವೈಭವವಾಗಲಿ ಅವರಿಗೆ ಬೇಡವಾಗಿತ್ತೆಂಬುದನ್ನು ಭಕ್ತಪರಂಪರೆ ಇಂದಿಗೂ ಅಭಿಮಾನದಿಂದ ನೆನೆಯುತ್ತದೆ. ಲೋಕಮಾನ್ಯ ತಿಲಕರು ಅಥಣಿಗೆ ಬಂದಾಗ ಅವರ ದರ್ಶನ ಪಡೆದರೆಂಬ ಮಾತೂ ಆ ಊರಿನವರ ಬಾಯಲ್ಲಿ ಉಳಿದಿದೆ.

ಇಲ್ಲಿ ಒಂದು ಸಂಗತಿಯನ್ನು ಚರಿತ್ರೆಯ ಕಣ್ಣಿನಿಂದ ನೋಡಬೇಕು. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗವು ಬೆಳಗಾವಿಯಲ್ಲಿ ಅಚ್ಚಾಗಿ ಹೊರಬಂದುದು 1923ರಲ್ಲಿ. ಅಂದರೆ ಶಿವಯೋಗಿಗಳು ಲಿಂಗೈಕ್ಯರಾದ ಎರಡು ವರ್ಷಗಳ ಮೇಲೆ. ಇಂದು ಪ್ರತಿಯೊಬ್ಬನ ಕೈಗೂ ಎಟುಕುವ ವಚನ ಸಾಹಿತ್ಯವು ಶಿವಯೋಗಿಗಳ ಜೀವಿತದ ಬಹುಭಾಗದಲ್ಲಿ ಓಲೆಗರಿಗಳಲ್ಲಿಯೂ ಕೈಬರಹದ ಪುಸ್ತಕಗಳಲ್ಲಿಯೂ ಸಾಧಕರ ನಾಲಗೆಯ ಮೇಲೆಯೂ ಮಾತ್ರ ಇತ್ತು. ಆ ಕಾಲದಲ್ಲಿ ವಚನಗಳನ್ನು ನಿತ್ಯಪಾರಾಯಣದ ವಸ್ತುವನ್ನಾಗಿ ಇಟ್ಟುಕೊಂಡಿದ್ದ ಮಠವೊಂದು ಎಂಥ ಭಂಡಾರವಾಗಿದ್ದೀತೆಂಬುದನ್ನು ಊಹಿಸಬಹುದು. ಹಳಕಟ್ಟಿಯವರು ಊರೂರು ಅಲೆದು ಓಲೆಗರಿಗಳನ್ನು ಸಂಗ್ರಹಿಸಿದುದು ಇಂಥ ಮನೆಮಠಗಳಿಂದಲೇ. ಗೋಡೆ ಇದ್ದುದರಿಂದ ಗರಿ ಉಳಿಯಿತು. ಓದುವ ಸ್ವಾಮಿಗಳು ಇದ್ದುದರಿಂದ ಗರಿಗೆ ಬೆಲೆ ಉಳಿಯಿತು.

ಗಚ್ಚಿನ ಮಠದ ಪ್ರಭಾವ ಅಥಣಿಯಲ್ಲಿಯೇ ನಿಲ್ಲಲಿಲ್ಲ. 1904ರಲ್ಲಿ ವೀರಶೈವ ಮಹಾಸಭೆಯನ್ನೂ, 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನೂ ಸ್ಥಾಪಿಸಿದ ಹಾನಗಲ್ಲ ಕುಮಾರ ಸ್ವಾಮಿಗಳು ಅಥಣಿಯ ಶಿವಯೋಗಿಗಳಲ್ಲಿ ಅಪಾರ ಪೂಜ್ಯಭಾವವನ್ನು ಇಟ್ಟಿದ್ದರು. ಧಾರವಾಡದ ಮುರುಘಾಮಠದಲ್ಲಿ ಪ್ರಸಾದನಿಲಯವನ್ನು ನಡೆಸಿ ಸಾವಿರಾರು ಬಡ ವಿದ್ಯಾರ್ಥಿಗಳಿಗೆ ಅನ್ನವಿತ್ತ ಮೃತ್ಯುಂಜಯ ಅಪ್ಪಗಳು ಶಿವಯೋಗಿಗಳ ಕೃಪೆಯಲ್ಲಿ ಬೆಳೆದವರು. ಈ ಪತ್ರಿಕೆಯನ್ನು ಓದುತ್ತಿರುವವರಲ್ಲಿ ಎಷ್ಟೋ ಜನ ಇಂಥ ಯಾವುದಾದರೊಂದು ಪ್ರಸಾದನಿಲಯದ ರೊಟ್ಟಿ ಉಂಡು, ಅದರ ಪಡಸಾಲೆಯಲ್ಲಿ ಕುಳಿತು ಓದಿ ಮುಂದೆ ಬಂದವರೇ ಆಗಿರುವರು. ಆ ರೊಟ್ಟಿಯ ಮೂಲವನ್ನು ಹುಡುಕುತ್ತ ಹಿಂದೆ ಹಿಂದೆ ನಡೆದರೆ, ಅಥಣಿಯಂಥ ಒಂದು ಹಳೆಯ ಮಠದ ಬಾಗಿಲಿಗೆ ಹೋಗಿ ನಿಲ್ಲುತ್ತೇವೆ.

ಕೋಡಿಯ ಮಠ

ಈಗ ಏಳು ಶತಮಾನ ಹಿಂದಕ್ಕೆ ಹೋಗಿ, ಕೃಷ್ಣೆಯ ದಂಡೆಯಿಂದ ಮಲೆನಾಡಿನ ಅಂಚಿಗೆ ಸರಿಯೋಣ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನ ಬಳ್ಳಿಗಾವೆ ಅಲ್ಲಮಪ್ರಭುಗಳ ಜನ್ಮಸ್ಥಳವೆಂಬ ನಂಬಿಕೆಯಿಂದ ನಮಗೆ ಪೂಜ್ಯವಾಗಿದೆ. ಚಾಲುಕ್ಯರ ಮತ್ತು ಕಳಚುರಿಗಳ ಕಾಲದಲ್ಲಿ ಅದು ಬನವಾಸಿ ನಾಡಿನ ರಾಜಧಾನಿಯಾಗಿತ್ತು. ಅಲ್ಲಿಯ ಕೆರೆಯ ಕೋಡಿಯ ಬಳಿ, ಕೇದಾರೇಶ್ವರ ದೇವಾಲಯಕ್ಕೆ ಹೊಂದಿಕೊಂಡು ಕಾಳಾಮುಖ ಶೈವ ಯತಿಗಳ ಒಂದು ದೊಡ್ಡ ಮಠವಿತ್ತು. ಕೋಡಿಯಲ್ಲಿದ್ದುದರಿಂದ ಅದು ಕೋಡಿಯ ಮಠವಾಯಿತು.

ಆ ಮಠದ ವರ್ಣನೆಯುಳ್ಳ 1162ರ ಶಾಸನವೊಂದು ಉಳಿದುಬಂದಿದೆ. ಅದು ಬಿಜ್ಜಳನ ಆಳ್ವಿಕೆಯ ಕಾಲ, ಅಂದರೆ ಕಲ್ಯಾಣದಲ್ಲಿ ಬಸವಣ್ಣನವರು ಇದ್ದ ಕಾಲವೇ. ಶಾಸನವು ಮಠದ ಕಟ್ಟಡದ ಉದ್ದಗಲಗಳನ್ನು ಹೇಳಹೊರಡುವುದಿಲ್ಲ. ಅಲ್ಲಿ ಏನೇನು ನಡೆಯುತ್ತಿತ್ತೆಂಬುದನ್ನು ಹೇಳುತ್ತದೆ. ನಾಲ್ಕು ವೇದಗಳ ಅಧ್ಯಯನ ಅಲ್ಲಿ ನಡೆಯುತ್ತಿತ್ತು. ಪಾಣಿನಿಯ ಮತ್ತು ಶಾಕಟಾಯನನ ವ್ಯಾಕರಣಗಳೇ ಮೊದಲಾದವನ್ನು ವಿವರಿಸುತ್ತಿದ್ದರು. ನ್ಯಾಯ, ವೈಶೇಷಿಕ, ಸಾಂಖ್ಯಗಳಷ್ಟೇ ಅಲ್ಲದೆ ಬೌದ್ಧ ದರ್ಶನವೂ ಅಲ್ಲಿ ಪಾಠದ ವಿಷಯವಾಗಿತ್ತು. ಪುರಾಣ, ಕಾವ್ಯ, ನಾಟಕಗಳಿಗೂ ಸ್ಥಾನವಿತ್ತು. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅಲ್ಲಿ ಅನ್ನವಿತ್ತು. ಹಾಡುವವರಿಗೆ, ವಾದ್ಯಗಾರರಿಗೆ, ನರ್ತಕರಿಗೆ ಅನ್ನವಿತ್ತು. ತಮ್ಮ ಮತದವರಲ್ಲದ ಜೈನ ಸನ್ಯಾಸಿಗಳಿಗೂ ಇತರ ಪಂಥಗಳ ಯತಿಗಳಿಗೂ ಅನ್ನವಿತ್ತು. ರೋಗಿಗಳಿಗೆ ಔಷಧೋಪಚಾರವಿತ್ತು. ಸಕಲ ಪ್ರಾಣಿಗಳಿಗೂ ಅಭಯವಿತ್ತು. ವಿದ್ಯಾಪೀಠ, ಛತ್ರ, ಆಸ್ಪತ್ರೆ ಈ ಮೂರೂ ಒಂದೇ ಸೂರಿನ ಕೆಳಗಿದ್ದ ಸಂಸ್ಥೆ ಅದು.

ಇಂದು ಬಳ್ಳಿಗಾವೆಗೆ ಹೋದವರಿಗೆ ಕೇದಾರೇಶ್ವರ ದೇವಾಲಯದ ದರ್ಶನವಾಗುತ್ತದೆ. ಅದು ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಮೂರು ಗರ್ಭಗುಡಿಗಳ ಆ ಶಿಲಾಮಂದಿರ ನೋಡಲು ಸೊಗಸಾಗಿದೆ. ಆದರೆ ಮಠ ಎಲ್ಲಿ? ಪಾಠಶಾಲೆ ಎಲ್ಲಿ? ಔಷಧಶಾಲೆ ಎಲ್ಲಿ? ಅವು ಇಲ್ಲ. ಕಲ್ಲು ಉಳಿಯಿತು, ಕಾಯಕ ಅಳಿಯಿತು. ಆ ಪರಂಪರೆಯ ಗುರುಗಳ ಸಾಲು ಮುಗಿಯಿತು, ಓದುವವರು ಚದುರಿದರು, ಓದುವವರಿಲ್ಲದ ಪುಸ್ತಕಗಳು ಮಣ್ಣಾದವು. ಶಿಲಾಶಾಸನವೊಂದು ಇಲ್ಲದಿದ್ದರೆ ಅಂಥದೊಂದು ಮಠ ಇತ್ತೆಂಬುದೇ ನಮಗೆ ತಿಳಿಯುತ್ತಿರಲಿಲ್ಲ.

ಇಂಥದೇ ಅನುಭವ ನಮ್ಮ ಸಮೀಪದಲ್ಲಿಯೂ ಆಗುತ್ತದೆ. ಕಾಗವಾಡ ತಾಲೂಕಿನ ಜುಗೂಳದ ಎದುರಿಗೆ, ಕೃಷ್ಣೆಯ ಆಚೆ ದಂಡೆಯ ಮೇಲೆ ಖಿದ್ರಾಪುರದ ಕೋಪೇಶ್ವರ ದೇವಾಲಯವಿದೆ. ನಲವತ್ತೆಂಟು ಕಂಬಗಳು ಸುತ್ತುವರಿದ, ಮೇಲೆ ದುಂಡಗೆ ಆಕಾಶಕ್ಕೆ ತೆರೆದ ಅದರ ಸ್ವರ್ಗಮಂಟಪವನ್ನು ಕಂಡು ಬೆರಗಾಗದವರಿಲ್ಲ. ಆ ಗುಡಿಯಲ್ಲಿ ಶಿವನೆದುರು ನಂದಿಯಿಲ್ಲ. ನಂದಿ ಇರುವುದು ಚಿಕ್ಕೋಡಿ ತಾಲೂಕಿನ ಯಡೂರಿನಲ್ಲೆಂದು ಎರಡೂ ದಂಡೆಯ ಜನ ಹೇಳುತ್ತಾರೆ. ಯಾದವ ಸಿಂಘಣನು ಗುಡಿಗೆ ದತ್ತಿ ಬಿಟ್ಟ 1213-14ರ ಶಾಸನವೂ, ಹಳಗನ್ನಡದ ಹಲವು ಶಾಸನಗಳೂ ಅಲ್ಲಿವೆ. ಇಂದು ಅದು ಮಹಾರಾಷ್ಟ್ರ, ಯಡೂರು ಕರ್ನಾಟಕ. ರಾಜ್ಯದ ಗಡಿ ಬದಲಾದರೂ ಹಳೆಯ ಕಲ್ಲಿನ ಮೇಲಿನ ಅಕ್ಷರ ಬದಲಾಗಲಿಲ್ಲ. ಹಳೆಯದನ್ನು ಕೆಡವಬಾರದೆಂಬುದಕ್ಕೆ ಗಡಿನಾಡಿನವರಾದ ನಮಗೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ರಿಲಾ ಮಠ

ಇನ್ನು ಮೂರನೆಯ ಮಠ. ಯುರೋಪಿನ ಆಗ್ನೇಯ ಭಾಗದಲ್ಲಿರುವ ಬಲ್ಗೇರಿಯಾ ದೇಶದ ರಾಜಧಾನಿ ಸೋಫಿಯಾದಿಂದ ದಕ್ಷಿಣಕ್ಕೆ ರಿಲಾ ಪರ್ವತಶ್ರೇಣಿ ಇದೆ. ಅದರ ನಡುವೆ ಹರಿಯುವ ರಿಲ್ಸ್ಕಾ ಎಂಬ ಹೊಳೆಯ ಕಾಡುಕಣಿವೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,150 ಮೀಟರು ಎತ್ತರದಲ್ಲಿ ಈ ಮಠವಿದೆ. ಹತ್ತನೆಯ ಶತಮಾನದಲ್ಲಿ ಇವಾನ್ ರಿಲ್ಸ್ಕಿ ಎಂಬ ವಿರಕ್ತನು ಲೋಕದ ಗದ್ದಲವನ್ನು ಬಿಟ್ಟು ಇಲ್ಲಿಯ ಗವಿಯಲ್ಲಿ ತಪಸ್ಸಿಗೆ ಕುಳಿತನು. ಅವನನ್ನು ಅರಸಿ ಬಂದ ಶಿಷ್ಯರು ಕಟ್ಟಿಕೊಂಡ ವಾಸಸ್ಥಾನವೇ ಮುಂದೆ ಮಠವಾಯಿತು. ಗವಿಯಲ್ಲಿ ಒಬ್ಬ ತಪಸ್ವಿ, ಅವನ ಸುತ್ತ ಶಿಷ್ಯರು, ಶಿಷ್ಯರ ಸುತ್ತ ಮಠ. ಈ ಕ್ರಮ ನಮಗೆ ಅಪರಿಚಿತವಲ್ಲ.

ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಆ ದೇಶ ತುರ್ಕರ ಅಧೀನವಾಯಿತು. ಸುಮಾರು ಐದು ಶತಮಾನಗಳ ಕಾಲ ಬಲ್ಗೇರಿಯನ್ನರಿಗೆ ತಮ್ಮದೆನ್ನುವ ರಾಜ್ಯವಿರಲಿಲ್ಲ. ಮಠವು ಹಾಳುಬಿದ್ದಿತು. ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ ಮೂವರು ಸಹೋದರ ಸನ್ಯಾಸಿಗಳು ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. 1469ರಲ್ಲಿ ಮೂಲಪುರುಷನ ಅವಶೇಷಗಳನ್ನು ಬಹುದೂರದಿಂದ ಮೆರವಣಿಗೆಯಲ್ಲಿ ತಂದು ಅಲ್ಲಿ ಇರಿಸಿದರು. ಆ ಮೇಲೆ ಶತಮಾನಗಳವರೆಗೆ, ರಾಜ್ಯವಿಲ್ಲದ ಜನರ ಭಾಷೆ, ಲಿಪಿ, ಪುಸ್ತಕ, ನೆನಪುಗಳು ಉಳಿದುಕೊಂಡ ತಾಣಗಳಲ್ಲಿ ಈ ಮಠ ಅಗ್ರಗಣ್ಯವಾಯಿತು.

1833ರಲ್ಲಿ ದೊಡ್ಡ ಬೆಂಕಿ ಬಿದ್ದು ಮಠದ ಬಹುಭಾಗ ಸುಟ್ಟು ಬೂದಿಯಾಯಿತು. ಇಲ್ಲಿಯೇ ನಮ್ಮ ಪ್ರಶ್ನೆಗೆ ಸಂಬಂಧಿಸಿದ ಘಟನೆ ನಡೆಯುವುದು. ಮರುವರ್ಷವೇ, 1834ರಲ್ಲಿ, ಪುನರ್ನಿರ್ಮಾಣ ಆರಂಭವಾಯಿತು. ಬಲ್ಗೇರಿಯಾದ ಎಲ್ಲ ಮೂಲೆಗಳಿಂದ ಜನ ಕಾಣಿಕೆ ಕಳಿಸಿದರು. ಬಡಗಿಗಳು, ಕಲ್ಲುಕುಟಿಗರು, ಚಿತ್ರಕಾರರು ಬಂದರು. ನಡುವಿನ ದೇವಮಂದಿರ 1837ರ ಹೊತ್ತಿಗೆ ಎದ್ದು ನಿಂತಿತು. ಅದರ ಭಿತ್ತಿಚಿತ್ರಗಳು 1846ರಲ್ಲಿ ಮುಗಿದವು. ಆ ಚಿತ್ರಕಾರರಲ್ಲಿ ಝಹಾರಿ ಝೋಗ್ರಾಫ್ ಎಂಬವನು ಪ್ರಸಿದ್ಧನು. ಇಡೀ ಕಾರ್ಯ 1862ರವರೆಗೆ ನಡೆಯಿತು. ಬೆಂಕಿಯಿಂದ ಪಾರಾಗಿ ಉಳಿದಿದ್ದ, 1335ರ ಸುಮಾರಿಗೆ ಕಟ್ಟಿದ ಹ್ರೆಲ್ಯೋ ಎಂಬ ಹಳೆಯ ಕಲ್ಲಿನ ಗೋಪುರವನ್ನು ಅವರು ಕೆಡವಲಿಲ್ಲ. ಹೊಸ ಅಂಗಳದ ನಡುವೆ ಅದನ್ನು ಇದ್ದಂತೆಯೇ ಇಟ್ಟುಕೊಂಡು ಸುತ್ತಲೂ ಕಟ್ಟಿದರು. ಇಂದಿಗೂ ಅದು ಅಲ್ಲಿಯೇ ನಿಂತಿದೆ. ಹೊಸದರ ನಡುವೆ ಹಳೆಯದು ಹಿರಿಯನಂತೆ ಇದೆ.

ಸಂದರ್ಶಕರು ಆ ಮಠದಲ್ಲಿ ನೋಡುವ ವಸ್ತುಗಳಲ್ಲಿ ಎರಡನ್ನು ಇಲ್ಲಿ ಹೆಸರಿಸಬೇಕು. ಒಂದು ಅಲ್ಲಿಯ ಅಡುಗೆಮನೆ. ಅದರ ಹೊಗೆಗೂಡು ಕಟ್ಟಡದ ಎಲ್ಲ ಅಂತಸ್ತುಗಳನ್ನೂ ಸೀಳಿಕೊಂಡು 22 ಮೀಟರು ಎತ್ತರಕ್ಕೆ ಏರುತ್ತದೆ. ಒಳಗೆ ಯಾತ್ರಿಕರಿಗೆ ಅಡುಗೆ ಮಾಡುತ್ತಿದ್ದ ಭಾರಿ ಹಂಡೆಗಳಿವೆ. ದಾಸೋಹವೆಂಬ ಮಾತನ್ನು ಅವರು ಕೇಳಿಲ್ಲದಿರಬಹುದು, ಅದರ ಅರ್ಥವನ್ನು ಬಲ್ಲವರಾಗಿದ್ದರು. ಇನ್ನೊಂದು, ರಫಾಯಿಲ್ ಎಂಬ ಸನ್ಯಾಸಿ ಹನ್ನೆರಡು ವರ್ಷ ಕುಳಿತು 1802ರಲ್ಲಿ ಕೆತ್ತಿ ಮುಗಿಸಿದ ಮರದ ಶಿಲುಬೆ. ಮೊಳಕ್ಕಿಂತ ಹೆಚ್ಚು ಎತ್ತರದ ಆ ಶಿಲುಬೆಯಲ್ಲಿ 104 ದೃಶ್ಯಗಳಿವೆ. ಅದನ್ನು ಮುಗಿಸುವ ಹೊತ್ತಿಗೆ ಅವನ ಕಣ್ಣು ಹೋಯಿತೆಂದು ಹೇಳುತ್ತಾರೆ. ಕಾಯಕನಿಷ್ಠೆಗೆ ಮತಭೇದವಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಏಕೆ?

ಆದರೆ ಈ ಮಠದ ನಿಜವಾದ ಹಿರಿಮೆ ಕಟ್ಟಡದ ಹೊರಗಿದೆ. ಅಲ್ಲಿಯ ಸನ್ಯಾಸಿ ನಿಯೋಫಿತ್ ರಿಲ್ಸ್ಕಿ 1835ರಲ್ಲಿ ಬಲ್ಗೇರಿಯನ್ ಭಾಷೆಯ ವ್ಯಾಕರಣವನ್ನು ಪ್ರಕಟಿಸಿದನು. ಅದೇ ವರ್ಷ ಗಾಬ್ರೊವೊ ಎಂಬ ಊರಿನಲ್ಲಿ ತೆರೆದ ಹೊಸ ಮಾದರಿಯ ಶಾಲೆಗೆ ಅವನೇ ಗುರುವಾದನು. ಮಠದ ಗೋಡೆಗಳು ಏಳುತ್ತಿದ್ದ ಕಾಲದಲ್ಲಿಯೇ ಮಠದ ಮಗನೊಬ್ಬ ನಾಡಿನ ಮಕ್ಕಳಿಗೆ ಅವರ ತಾಯ್ನುಡಿಯನ್ನು ಕಲಿಸುತ್ತಿದ್ದನು. 1878ರಲ್ಲಿ ಬಲ್ಗೇರಿಯಾ ಮತ್ತೆ ರಾಜ್ಯವಾಗಿ ಎದ್ದಿತು. ಎರಡನೆಯ ಮಹಾಯುದ್ಧದ ಅನಂತರ ಬಂದ ಸಮತಾವಾದಿ ಸರ್ಕಾರವು 1961ರಲ್ಲಿ ಮಠವನ್ನು ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನಾಗಿ ಮಾಡಿತು. 1983ರಲ್ಲಿ ಅದು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 1991ರಲ್ಲಿ ಮರಳಿ ಧರ್ಮಸಂಘದ ಕೈ ಸೇರಿತು. ಪ್ರದರ್ಶನದ ವಸ್ತುವಾಗಿದ್ದ ಕಟ್ಟಡ ಮತ್ತೆ ಮಠವಾಯಿತು.

ಒಂದು ಆಕ್ಷೇಪ

ಇಲ್ಲಿ ಶರಣತತ್ತ್ವವನ್ನು ಬಲ್ಲ ವಾಚಕರಿಗೆ ಒಂದು ಸಂದೇಹ ಬಾರದಿರದು. ಸ್ಥಾವರ ಅಳಿಯುವುದು ಸಹಜ, ಜಂಗಮವೇ ಉಳಿಯುವುದು ಎಂಬುದು ನಮ್ಮ ಧರ್ಮದ ಮೂಲನಿಲುವು. ದೇಹವನ್ನೇ ದೇಗುಲವಾಗಿ ಕಂಡ ಪರಂಪರೆಗೆ ಹಳೆಯ ಗೋಡೆಯ ಮೋಹವೇಕೆ? ಬೀಳುವ ಗೋಡೆ ಬೀಳಲಿ, ಹೊಸದನ್ನು ಕಟ್ಟಿದರಾಯಿತು.

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಗೋಡೆ ಪೂಜ್ಯವಲ್ಲ, ನಿಜ. ಕೋಡಿಯ ಮಠದ ಚರಿತ್ರೆ ಹೇಳುವುದೂ ಅದನ್ನೇ. ಕಾಯಕವೂ ದಾಸೋಹವೂ ಜ್ಞಾನವೂ ನಿಂತುಹೋದ ಮೇಲೆ ಕಲ್ಲು ಎಷ್ಟು ಸೊಗಸಾಗಿದ್ದರೂ ಅದು ಮಠವಾಗದು. ಆದರೆ ಮಿಕ್ಕ ಅರ್ಧವನ್ನೂ ಕಾಣಬೇಕು. ಮಠವು ಗುಡಿಯಲ್ಲ, ಜಂಗಮನ ತಂಗುದಾಣ. ಶಿವಯೋಗಿಗಳಂಥ ಜಂಗಮರು ಎಲ್ಲಿ ಕುಳಿತರು, ಎಷ್ಟು ಸಣ್ಣ ಕೋಣೆಯಲ್ಲಿ ಬಾಳಿದರು, ಎಂಥ ಸರಳ ಬಾಗಿಲನ್ನು ಬಗ್ಗಿ ದಾಟಿದರು ಎಂಬುದಕ್ಕೆ ಆ ಹಳೆಯ ಗೋಡೆಯೇ ಸಾಕ್ಷಿ. ಇಪ್ಪತ್ತು ಅಡಿ ಎತ್ತರದ ಸಭಾಭವನದಲ್ಲಿ ನಿಂತು, ಗುರುಗಳು ನಿರಾಡಂಬರರಾಗಿದ್ದರೆಂದು ಭಾಷಣ ಮಾಡಿದರೆ ಮಕ್ಕಳು ಕೇಳುತ್ತಾರೆ. ಅವರು ಕುಳಿತಿದ್ದ ಕಿರುಕೋಣೆಯನ್ನು ತೋರಿಸಿದರೆ ಮಕ್ಕಳು ನಂಬುತ್ತಾರೆ. ಸಾಕ್ಷಿಯನ್ನು ಅಳಿಸಿದ ಮೇಲೆ ಸತ್ಯವೂ ದಂತಕಥೆಯಾಗುತ್ತದೆ. ಶರಣರ ಚರಿತ್ರೆಯಲ್ಲಿ ಎಷ್ಟು ಸಂಗತಿಗಳು ಹೀಗೆ ಸಾಕ್ಷಿಯಿಲ್ಲದೆ ವಿವಾದಕ್ಕೆ ಸಿಕ್ಕಿವೆಯೆಂಬುದು ವಿದ್ವಾಂಸರಿಗೆ ಗೊತ್ತಿದೆ.

ಗಚ್ಚಿನ ಗುಣ

ಹಾಗಾದರೆ ಸೋರುವ ಮಾಳಿಗೆಗೆ ಗತಿಯೇನು? ಇದು ಭಾವನೆಯ ಪ್ರಶ್ನೆಯಲ್ಲ, ಗೌಂಡಿಯ ಪ್ರಶ್ನೆ. ಇದಕ್ಕೆ ಉತ್ತರ ಗಚ್ಚಿನಲ್ಲಿಯೇ ಇದೆ.

ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಅನಿಲ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹೊಯ್ದರೆ ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ಕೊಳೆಹಾಕಿ, ಉಸುಕು ಬೆರೆಸಿ, ಎತ್ತು ತಿರುಗಿಸುವ ಗಾಣದಲ್ಲಿ ಕಲ್ಲಿನ ಗಾಲಿಯಿಂದ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿಯ ರಸ, ಬಿಲ್ವದ ಕಾಯಿಯ ಅಂಟು ಇವನ್ನು ಕೂಡಿಸುತ್ತಿದ್ದರು. ಗೋಡೆಗೆ ಹಚ್ಚಿದ ಮೇಲೆ ಅದು ಗಾಳಿಯಲ್ಲಿಯ ಅದೇ ಅನಿಲವನ್ನು ಮೆಲ್ಲಮೆಲ್ಲನೆ ಮರಳಿ ಹೀರಿಕೊಂಡು ವರ್ಷಗಳ ಮೇಲೆ ಮತ್ತೆ ಕಲ್ಲೇ ಆಗುತ್ತದೆ. ಬೆಂಕಿಯಲ್ಲಿ ಪುಡಿಯಾದುದು ತಾಳ್ಮೆಯಲ್ಲಿ ಕಲ್ಲಾಗುವ ಈ ಕ್ರಿಯೆಗೆ ಅವಸರ ಸಲ್ಲದು.

ಗಚ್ಚಿಗೆ ಉಸಿರಾಟವಿದೆ. ಮಳೆಗಾಲದಲ್ಲಿ ಗೋಡೆ ಕುಡಿದ ತೇವವನ್ನು ಬೇಸಗೆಯಲ್ಲಿ ಅದು ಹೊರಗೆ ಬಿಡುತ್ತದೆ. ನಮ್ಮ ಎರೆಭೂಮಿ ಮಳೆಯಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವಾಗ, ಅದರ ಮೇಲಿನ ಕಟ್ಟಡ ಅಲ್ಪಸ್ವಲ್ಪ ಅಲುಗುತ್ತದೆ. ಗಚ್ಚು ಆ ಅಲುಗಾಟವನ್ನು ಸಹಿಸಬಲ್ಲದು. ಸಿಮೆಂಟು ಗಡುಸು, ಸಹಿಸದು. ಹಳೆಯ ಸುಣ್ಣದ ಗೋಡೆಯ ಮೇಲೆ ಸಿಮೆಂಟಿನ ಗಿಲಾವು ಬಳಿದರೆ ಒಳಗಿನ ತೇವಕ್ಕೆ ಹೊರದಾರಿ ಮುಚ್ಚುತ್ತದೆ. ತೇವದೊಡನೆ ಬಂದ ಲವಣವು ಗೋಡೆಯೊಳಗೇ ಗಟ್ಟಿಗೊಂಡು ಕಲ್ಲನ್ನು ಪದರಪದರವಾಗಿ ಉದುರಿಸುತ್ತದೆ. ಬಿರುಕಿಗೆ ಔಷಧವೆಂದು ಹಚ್ಚಿದ್ದೇ ರೋಗವಾಗುತ್ತದೆ. 2005, 2019 ಮತ್ತು 2021ರಲ್ಲಿ ಕೃಷ್ಣೆಯ ಮಹಾಪೂರವನ್ನು ಕಂಡ ನಮ್ಮ ನದೀತೀರದ ಊರುಗಳಲ್ಲಿ ಈ ಮಾತಿಗೆ ವಿಶೇಷ ಮಹತ್ತ್ವವಿದೆ. ನೀರು ಹೊಕ್ಕು ಇಳಿದ ಗೋಡೆ ಒಣಗಲು ಅವಕಾಶ ಬೇಕು.

ಪ್ರಪಂಚದ ಶಿಲ್ಪತಜ್ಞರು 1964ರಲ್ಲಿ ವೆನಿಸ್ ನಗರದಲ್ಲಿ ಸೇರಿ ಒಪ್ಪಿಕೊಂಡ ಸನ್ನದಿನ ಸಾರವೂ ಇದೇ. ಮೂಲ ಸಾಮಗ್ರಿಯನ್ನು ಗೌರವಿಸಬೇಕು. ಬೇರೆಬೇರೆ ಕಾಲದವರು ಸೇರಿಸಿದ ಬೆಲೆಯುಳ್ಳ ಭಾಗಗಳನ್ನು ಅಳಿಸಬಾರದು. ಊಹೆ ಎಲ್ಲಿ ಆರಂಭವಾಗುವುದೋ ಅಲ್ಲಿ ದುರಸ್ತಿಯ ಕೈ ನಿಲ್ಲಬೇಕು.

ನಮ್ಮ ಕರ್ತವ್ಯ

ಆದುದರಿಂದ ಊರ ಮಠದ ಜೀರ್ಣೋದ್ಧಾರಕ್ಕೆ ಹೊರಡುವ ಹಿರಿಯರಲ್ಲಿ ಕೆಲವು ವಿಜ್ಞಾಪನೆಗಳು. ಕೆಡಹುವ ಮೊದಲು ತಜ್ಞರೊಬ್ಬರಿಗೆ ತೋರಿಸಿರಿ. ಗೋಡೆ ನಿಜವಾಗಿ ಸತ್ತಿದೆಯೋ ಅಥವಾ ಗಿಲಾವು ಮಾತ್ರ ಹೋಗಿದೆಯೋ ತಿಳಿಯಿರಿ. ಪ್ರತಿಯೊಂದು ಕೋಣೆಯ ಛಾಯಾಚಿತ್ರ ತೆಗೆಸಿ, ಅಳತೆ ಬರೆಯಿಸಿ ಇಡಿರಿ. ಅಟ್ಟವನ್ನೂ ಗೂಡುಗಳನ್ನೂ ಪೆಟ್ಟಿಗೆಗಳನ್ನೂ ಶೋಧಿಸಿರಿ. ಹುಳ ತಿಂದ ಓಲೆಗರಿಯೆಂದು, ಹರಿದ ಬಸ್ತನಿಯೆಂದು ಹೊಳೆಗೆ ಬಿಡಬೇಡಿರಿ. ಅವುಗಳ ನಕಲು ಮಾಡಿಸುವುದು ಈಗ ಸುಲಭವಾಗಿದೆ. ಮೆಟ್ಟಿಲಾಗಿ, ಒಗೆಯುವ ಕಲ್ಲಾಗಿ ಬಿದ್ದ ಶಾಸನವಿದ್ದರೆ ಎತ್ತಿ ನಿಲ್ಲಿಸಿರಿ. ಹಿರಿಯ ಗುರುಗಳು ವಾಸಿಸಿದ ಕೋಣೆಯೊಂದನ್ನಾದರೂ, ರಿಲಾ ಮಠದವರು ಗೋಪುರವನ್ನು ಉಳಿಸಿಕೊಂಡಂತೆ, ಇದ್ದ ಹಾಗೆಯೇ ಉಳಿಸಿರಿ. ದೊಡ್ಡ ಸಭಾಭವನ ಬೇಕಾದರೆ ಪಕ್ಕದಲ್ಲಿ ಕಟ್ಟಿರಿ. ಗಚ್ಚು ಬಲ್ಲ ವೃದ್ಧ ಗೌಂಡಿ ಇನ್ನೂ ಯಾವುದಾದರೂ ಊರಲ್ಲಿ ಇದ್ದರೆ ಅವನ ಕೈಕೆಳಗೆ ಇಬ್ಬರು ಹುಡುಗರನ್ನು ಕಲಿಯಲು ಇಡಿರಿ. ಆ ವಿದ್ಯೆ ಅವನೊಡನೆ ಮಣ್ಣಾಗಬಾರದು.

ಅಥಣಿಯ ದರ್ಶನಕ್ಕೆ ಹೋಗುವ ಭಕ್ತರಲ್ಲಿಯೂ ಒಂದು ಮಾತು. ಕಾಗವಾಡದಿಂದಾಗಲಿ, ಚಿಕ್ಕೋಡಿ, ರಾಯಬಾಗಗಳ ಕಡೆಯಿಂದಾಗಲಿ ಅಥಣಿಗೆ ಬಸ್ಸಿನ ಅನುಕೂಲವಿದೆ. ರೈಲಿನಲ್ಲಿ ಬರುವವರು ಮೀರಜ ಮಾರ್ಗದ ಉಗಾರದಲ್ಲಿ ಇಳಿದು ಮುಂದೆ ಹೋಗಬಹುದು. ಗಚ್ಚಿನ ಮಠಕ್ಕೆ ಹೋದಾಗ ಬರಿಯ ಕಾಯಿ ಕರ್ಪೂರಗಳಿಗೆ ದರ್ಶನವನ್ನು ಮುಗಿಸದೆ, ಮಕ್ಕಳನ್ನು ಕೂಡಿಸಿಕೊಂಡು ಅರ್ಧ ತಾಸು ಕುಳಿತು ಶಿವಯೋಗಿಗಳ ಚರಿತ್ರೆಯನ್ನು ಹೇಳಬೇಕು. ಅಲ್ಲಿಂದ ನದಿ ಇಂಗಳಗಾಂವಕ್ಕೂ ಹೋಗಿ, ಆ ಮಹಾತ್ಮರಿಗೆ ಜನ್ಮವಿತ್ತ ಹೊಳೆಸಾಲಿನ ಹಳ್ಳಿಯನ್ನೂ ಕಾಣಬೇಕು.

ಮೂರು ಮಠಗಳ ಪಾಠವನ್ನು ಸಂಗ್ರಹಿಸಿ ಹೇಳುವುದಾದರೆ ಇಷ್ಟು. ಕೋಡಿಯ ಮಠದಲ್ಲಿ ಗುಡಿಯ ಕಲ್ಲು ಉಳಿಯಿತು, ಪರಂಪರೆ ಹೋಯಿತು. ರಿಲಾದಲ್ಲಿ ಕಟ್ಟಡ ಸುಟ್ಟಿತು, ಪರಂಪರೆ ಬದುಕಿದ್ದುದರಿಂದ ಕಟ್ಟಡವೂ ಮತ್ತೆ ಎದ್ದಿತು. ಅಥಣಿಯಲ್ಲಿ ಸುಣ್ಣದ ಮಠವೊಂದು ಒಬ್ಬ ಯೋಗಿಯನ್ನು ಕಾಪಾಡಿತು, ಆ ಯೋಗಿಯು ಒಂದು ನಾಡಿನ ಅರಿವನ್ನು ಕಾಪಾಡಿದನು. ಜೀರ್ಣೋದ್ಧಾರವೆಂದರೆ ಈ ಎರಡು ರಕ್ಷಣೆಗಳನ್ನೂ ಕೂಡಿಸಿ ಮುಂದಿನವರ ಕೈಗೆ ಒಪ್ಪಿಸುವುದು. ಗೋಡೆಯನ್ನು ಗಚ್ಚಿನಿಂದ, ಗರಿಯನ್ನು ಓದಿನಿಂದ, ಅಡುಗೆಮನೆಯನ್ನು ದಾಸೋಹದಿಂದ ಹೊಸತು ಮಾಡಬೇಕು. ಇವುಗಳಲ್ಲಿ ಒಂದನ್ನು ಬಿಟ್ಟರೂ ಉದ್ಧಾರ ಅರ್ಧಕ್ಕೇ ನಿಲ್ಲುತ್ತದೆ. ನಮ್ಮ ಮಠದ ಅನ್ನವನ್ನು ಉಂಡು ಬೆಳೆದ ಹಳೆಯ ವಿದ್ಯಾರ್ಥಿಗಳು ಈ ಹೊಣೆಯನ್ನು ತಮ್ಮ ತಮ್ಮ ಊರುಗಳಲ್ಲಿ ಹೊರುವರೆಂದು ಹಾರೈಸುತ್ತೇವೆ. ಶರಣು ಶರಣಾರ್ಥಿ.